ಹೊಸ್ತಿಲಾಚೆಯ ವಿದ್ಯೆ

ಧಾರವಾಡ ಸೀಮೆಯ ಹೆಸರನ್ನೆತ್ತಿದೊಡನೆ ಹಿಂದೂಸ್ತಾನೀ ಸಂಗೀತದ ನೆನಪಾಗುವುದು ಸಹಜವಾಗಿದೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೊದಲಾದ ಮಹಾಗಾಯಕರು ಎರಡು ತಲೆಮಾರುಗಳೊಳಗಾಗಿ ನೆರೆಹೊರೆಯ ಊರುಗಳಲ್ಲಿ ಹುಟ್ಟಿಬಂದುದಕ್ಕೆ ಇಲ್ಲಿಯ ನೀರು ಗಾಳಿಗಳೇ ಕಾರಣವೆಂದು ಹೇಳುವ ವಾಡಿಕೆಯುಂಟು. ಮಾತು ಇಂಪಾಗಿದೆ, ಆದರೆ ಅದು ಇತಿಹಾಸವಲ್ಲ. ನೀರು ಗಾಳಿಗಳು ಊರಿನ ಮಕ್ಕಳಿಗೆಲ್ಲ ಸಮನಾಗಿ ದೊರೆತವು. ವಿದ್ಯೆ ಮಾತ್ರ ಸಮನಾಗಿ ದೊರೆಯಲಿಲ್ಲ. ಈ ಗಾಯಕರ ಕೀರ್ತಿಯ ದಿನಗಳನ್ನು ಬದಿಗಿಟ್ಟು ಅವರ ಎಳವೆಯ ದಿನಗಳನ್ನು ನೋಡಿದರೆ, ಪ್ರತಿಯೊಬ್ಬರೂ ಒಂದಿಲ್ಲೊಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದುದು ಕಾಣಬರುತ್ತದೆ. ಆ ಬಾಗಿಲುಗಳಾವುವು, ಅವನ್ನು ತೆರೆದವರಾರು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲನೆಯ ಅಡ್ಡಿ ಅನ್ನದ್ದು. ಖ್ಯಾಲ ಗಾಯನವು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ, ಅಲ್ಲಿಂದ ಅವನ ಕಂಠಕ್ಕೆ, ದಿನವೂ ತಾಸುಗಟ್ಟಲೆಯ ಅಭ್ಯಾಸದಿಂದ ಅದು ಇಳಿದುಬರಬೇಕು. ಆದುದರಿಂದ ಶಿಷ್ಯನು ಗುರುಗೃಹದಲ್ಲಿ ವರ್ಷಾನುಗಟ್ಟಲೆ ಇರಲೇಬೇಕಾಗಿದ್ದಿತು. ಆ ವರ್ಷಗಳಲ್ಲಿ ಅವನಿಗೆ ಸಂಪಾದನೆಯಿಲ್ಲ. ಊಟವೂ ನೆಲೆಯೂ ಬೇಕು. ಹನ್ನೆರಡು ವರ್ಷದ ಹುಡುಗನ ದುಡಿಮೆಯನ್ನೂ ನೆಚ್ಚಿಕೊಂಡಿದ್ದ ಬಡಮನೆಗೆ ಇದು ಗುರುದಕ್ಷಿಣೆಗಿಂತಲೂ ದೊಡ್ಡ ಹೊರೆ.

ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರು (೧೮೭೨–೧೯೩೭) ಈ ಸೀಮೆಯ ಊರುಗಳಿಗೆ ಆಗಾಗ ಬಂದುಹೋಗುತ್ತಿದ್ದರು. ಕುಂದಗೋಳದ ರಾಮಚಂದ್ರ ಎಂಬ ಬಾಲಕನು ಅವರಲ್ಲಿ ಶಿಷ್ಯವೃತ್ತಿಯನ್ನು ಬೇಡಿದಾಗ, ಎಂಟು ವರ್ಷಗಳ ಕಾಲ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬ ನಿಬಂಧನೆಯನ್ನು ಖಾನರು ಮುಂದಿಟ್ಟರೆಂದು ಪ್ರತೀತಿ. ೧೮೮೬ರಲ್ಲಿ ಹುಟ್ಟಿದ ಈ ಬಾಲಕನ ತಂದೆ ಕುಂದಗೋಳದ ನಾಡಗೀರ ಮನೆತನದಲ್ಲಿ ಕಾರಕೂನಿಕೆ ಮಾಡಿಕೊಂಡಿದ್ದವರು. ಆ ನಾಡಗೀರರ ವಾಡೆ ಗಾಯಕರಿಗೆ ಆಶ್ರಯಸ್ಥಾನವಾಗಿದ್ದಿತು. ಅಂಥ ವಾಡೆಯೊಂದು ಊರಲ್ಲಿರದಿದ್ದರೆ, ಆ ಬಾಲಕನಿಗೆ ಖಾನರ ಸ್ವರವು ಅಷ್ಟು ಹತ್ತಿರದಿಂದ ಕೇಳುತ್ತಿದ್ದಿತೇ ಎಂಬುದು ಸಂದೇಹ. ಹರೆಯ ಬಂದಾಗ ಅವನ ಕಂಠವು ಒಡೆದು ಗಡುಸಾಯಿತು. ಕಠಿನವಾದ ಸಾಧನೆಯಿಂದ ಅದನ್ನು ಪಳಗಿಸಿಕೊಂಡವನೇ ಮುಂದೆ ರಂಗಭೂಮಿಯಲ್ಲಿ ಸವಾಯಿ ಗಂಧರ್ವನೆಂಬ ಬಿರುದನ್ನು ಪಡೆದನು.

ವಾಡೆಯ ಆಶ್ರಯವಾಗಲಿ ಗುರುಗೃಹವಾಗಲಿ ದೊರೆಯದ ಹುಡುಗರಿಗೆ ನಾಟಕ ಮಂಡಳಿಯೇ ಬಾಗಿಲಾಯಿತು. ಕಂಪನಿಯ ಊಟ, ಕಂಪನಿಯ ಬಿಡಾರ, ಜೊತೆಗೆ ಹಾಡುವ ಅವಕಾಶ. ಧಾರವಾಡದ ಬಳಿಯ ಮನಸೂರಿನಲ್ಲಿ ೧೯೧೦ರ ಡಿಸೆಂಬರ ೩೧ರಂದು ಹುಟ್ಟಿದ ಮಲ್ಲಿಕಾರ್ಜುನನು ಒಂಬತ್ತು ಹತ್ತರ ವಯಸ್ಸಿಗೆ ಬಣ್ಣ ಹಚ್ಚಿಕೊಂಡು ರಂಗವನ್ನೇರಿದುದು ಹೀಗೆ. ಆದರೆ ಈ ಬಾಗಿಲಿನೊಳಗೆ ಒಂದು ಬೋನಿದ್ದಿತು. ಮಂಡಳಿಗೆ ಬೇಕಾದುದು ಅಂದಿನ ರಾತ್ರಿಯ ಚಪ್ಪಾಳೆ; ಹತ್ತು ವರ್ಷಗಳ ಅನಂತರ ಪಕ್ವವಾಗುವ ವಿದ್ಯೆಯಲ್ಲ. ಕಂಠ ಒಡೆದ ಹುಡುಗನಿಗೆ ಅಲ್ಲಿ ಪಾತ್ರವಿಲ್ಲ, ಪಾತ್ರವಿಲ್ಲದವನಿಗೆ ಪಂಕ್ತಿಯಿಲ್ಲ. ಈ ಬಾಲನಟನ ಹಾಡನ್ನು ಕೇಳಿದ ಗ್ವಾಲಿಯರ ಪರಂಪರೆಯ ನೀಲಕಂಠಬುವಾ ಅವರು ಅವನನ್ನು ಮಿರಜಿಗೆ ಕರೆದೊಯ್ದು ವರ್ಷಗಳ ಕಾಲ ಕಲಿಸಿದುದರಿಂದ ಒಂದು ಪ್ರತಿಭೆ ಉಳಿಯಿತು. ಮುಂದೆ ಉಸ್ತಾದ ಅಲ್ಲಾದಿಯಾ ಖಾನರ ಮಗ ಮಂಜೀಖಾನರು ತಮ್ಮ ಮನೆತನದ ವಿದ್ಯೆಯನ್ನು ಈ ಕನ್ನಡಿಗನಿಗೆ ಧಾರೆಯೆರೆದರು; ೧೯೩೭ರಲ್ಲಿ ಅವರು ತೀರಿಕೊಳ್ಳಲು, ಸಹೋದರ ಬುರ್ಜೀಖಾನರು ಪಾಠವನ್ನು ಮುಂದುವರಿಸಿದರು. ಘರಾಣೆಗಳು ತಮ್ಮ ಅಪೂರ್ವ ರಾಗಗಳನ್ನು ಮನೆಯ ಒಡವೆಯಂತೆ ಬಚ್ಚಿಡುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಔದಾರ್ಯವಲ್ಲ.

ಎರಡನೆಯ ಅಡ್ಡಿ ದಾರಿಯನ್ನರಿಯದುದು. ೧೯೨೨ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನನ ತಂದೆ ಶಾಲಾ ಶಿಕ್ಷಕರು. ಅನ್ನಕ್ಕೆ ತೀರ ಕೊರತೆಯಿದ್ದ ಮನೆಯಲ್ಲ. ಆದರೆ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಮ್ ಖಾನರ ಹಾಡನ್ನು ಕೇಳಿ ಹುಚ್ಚುಹಿಡಿದ ಹುಡುಗನಿಗೆ, ಅಂತಹ ಹಾಡನ್ನು ಕಲಿಸುವವರು ಎಲ್ಲಿದ್ದಾರೆಂದು ಹೇಳಬಲ್ಲವರು ದೊರೆಯಲಿಲ್ಲ. ಅನ್ನಕ್ಕೆ ಇನ್ನಷ್ಟು ತುಪ್ಪ ಬಡಿಸಲಿಲ್ಲವೆಂಬ ನೆಪದಿಂದ ೧೯೩೩ರಲ್ಲಿ, ಹನ್ನೊಂದರ ಹರೆಯದಲ್ಲಿ, ಅವನು ಮನೆ ಬಿಟ್ಟುದು ಜನಜನಿತವಾದ ಕಥೆ. ಟಿಕೇಟಿಲ್ಲದ ರೈಲಿನ ಪ್ರಯಾಣ, ಗ್ವಾಲಿಯರದ ಸಂಗೀತ ಶಾಲೆ, ಕಲ್ಕತ್ತೆಯಲ್ಲಿ ಮನೆಯಾಳಿನ ಕೆಲಸ, ಕಡೆಗೆ ಪಂಜಾಬದ ಜಲಂಧರ: ಹೀಗೆ ಅರ್ಧ ಭಾರತವನ್ನು ಸುತ್ತಿದ ಮೇಲೆ ಅಲ್ಲಿ ವಿನಾಯಕರಾವ ಪಟವರ್ಧನರು ಅವನಿಗೆ ಹೇಳಿದುದೇನು? ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿ ಎಂದು. ಹುಟ್ಟಿದೂರಿಗೆ ಅನತಿದೂರದಲ್ಲಿದ್ದ ಗುರುವಿನ ವಿಳಾಸವು ಸಾವಿರ ಮೈಲಿಗಳಾಚೆ ದೊರೆಯಿತು. ೧೯೩೬ರಿಂದ ೧೯೪೦ರವರೆಗೆ ಅವನು ಕುಂದಗೋಳದಲ್ಲಿ ಕಲಿತನು. ಮೊದಮೊದಲು ಪಾಠಕ್ಕಿಂತ ನೀರು ಹೊರುವ ಕೆಲಸವೇ ಹೆಚ್ಚಾಗಿದ್ದಿತು.

ಮೂರನೆಯ ಅಡ್ಡಿ ಅನ್ನಕ್ಕಿಂತಲೂ ದೂರಕ್ಕಿಂತಲೂ ಕ್ರೂರವಾದುದು. ೧೯೧೩ರ ಮಾರ್ಚ ೫ರಂದು ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಪರಂಪರೆಯಿಂದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಮನೆತನ ಅದು. ಅಂತಹ ಮನೆಯ ಹಾಡನ್ನು ಕೇಳುವುದಕ್ಕೆ ಸಭ್ಯರು ಬರುತ್ತಿದ್ದರು. ಆ ಮನೆಯ ಮಗಳು ಬೀದಿಯಲ್ಲಿ ನಡೆದುಹೋದರೆ ಅಣಕಿಸುತ್ತಿದ್ದರು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ ಅಧಿವೇಶನವು ನಡೆದಾಗ ಸ್ವಾಗತಗೀತವನ್ನು ಹಾಡಿದ ಬಾಲಕಿಯರಲ್ಲಿ ಈಕೆಯೂ ಒಬ್ಬಳು. ಹಾಡು ಮುಗಿದ ಮೇಲೆ ಮೇಲ್ಜಾತಿಯವರು ಉಂಡ ಎಂಜಲನ್ನು ತೆಗೆಯಹೇಳುವರೋ ಎಂಬ ಅಂಜಿಕೆ ಆಗ ತನ್ನ ಮನಸ್ಸಿನಲ್ಲಿದ್ದಿತೆಂದು ಆಕೆ ಮುಂದೆ ನೆನೆದುಕೊಂಡದ್ದುಂಟು. ಹನ್ನೊಂದು ವರ್ಷದ ಮಗುವಿನ ಕಂಠಕ್ಕೆ ವೇದಿಕೆ ದೊರೆತಿದ್ದಿತು; ಆ ಮಗುವಿಗೆ ಪಂಕ್ತಿಯಲ್ಲಿ ಸ್ಥಾನ ದೊರೆಯುವ ನೆಚ್ಚಿಕೆಯಿರಲಿಲ್ಲ.

ಮಗಳು ಹಿಂದೂಸ್ತಾನೀ ಪದ್ಧತಿಯನ್ನು ಕಲಿಯತೊಡಗಿದಾಗ, ತನ್ನ ಗಾಯನದ ನೆರಳು ಆಕೆಯ ಸ್ವರದ ಮೇಲೆ ಬೀಳಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ಬಿಟ್ಟುಕೊಟ್ಟರು. ಮಗಳ ಶಿಕ್ಷಣಕ್ಕಾಗಿಯೇ ೧೯೨೮ರಲ್ಲಿ ಸಂಸಾರವು ಹುಬ್ಬಳ್ಳಿಗೆ ಬಂದು ನೆಲೆಸಿತು. ೧೯೩೨ರಲ್ಲಿ ತಾಯಿ ತೀರಿಕೊಂಡರು. ಸಂಸಾರದ ಭಾರವನ್ನು ಹೊತ್ತ ತರುಣಿ ಗುರುಗೃಹದಲ್ಲಿ ವರ್ಷಗಟ್ಟಲೆ ಇರುವುದು ಅಶಕ್ಯ. ಆದುದರಿಂದ ಆಕೆ ಹುಬ್ಬಳ್ಳಿಯಿಂದ ರೈಲುಗಾಡಿಯಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಹೇಳಿಸಿಕೊಂಡು, ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದರು. ಕತ್ತಲಾದಾಗ ನಿಲ್ದಾಣದವರೆಗೆ ಜೊತೆಗೆ ಬಂದು ಬಿಡುತ್ತಿದ್ದವನು ಅದೇ ಮನೆಯಲ್ಲಿ ನೀರು ಹೊರುತ್ತಿದ್ದ ಭೀಮಸೇನ.

ಈ ಮೂರು ಅಡ್ಡಿಗಳಿಗೆ ಅಂಗವೈಕಲ್ಯವೂ ಸೇರಿದರೆ? ೧೮೯೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನನ್ನು ಕರೆತಂದು ಸಾಕಿದರು. ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಿಂದ ಹಿಂದೂಸ್ತಾನೀ ಸಂಗೀತವನ್ನೂ ಕಲಿಸಿದರು. ಅವನೇ ಪಂಚಾಕ್ಷರಿ ಗವಾಯಿಗಳಾದನು. ತಾವು ಪಡೆದ ಅನ್ನದ ಋಣವನ್ನು ಗವಾಯಿಗಳು ಮರೆಯಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಜಾತಿಯನ್ನು ಕೇಳದೆ ಊಟವಿಟ್ಟು ಸಂಗೀತವನ್ನು ಕಲಿಸುವ ಪದ್ಧತಿ ನೆಲೆಗೊಂಡಿತು. ತಂದೆಯನ್ನು ಕಳೆದುಕೊಂಡ ಯಲಿವಾಳದ ಬಾಲಕ ಬಸವರಾಜ ರಾಜಗುರುವನ್ನು ಬೆಳೆಸಿದವರೂ ಗವಾಯಿಗಳೇ. ೧೯೩೬ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ ಶಿಷ್ಯನು ಮೊದಲ ಬಾರಿಗೆ ಹಾಡಿದಾಗ, ಗುರುಗಳು ತಾವೇ ತಬಲಾ ನುಡಿಸಿದರು. ೧೯೪೪ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದುಕೊಂಡೇ, ೨೦೧೦ರವರೆಗೆ ಆ ಒಲೆ ಆರದಂತೆ ನೋಡಿಕೊಂಡರು.

ಇವರ ಪೂರ್ವವೃತ್ತಾಂತಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಭೆಯು ಬಾಗಿಲನ್ನು ತಾನಾಗಿ ತೆರೆದ ನಿದರ್ಶನ ಇಲ್ಲೊಂದೂ ಇಲ್ಲ. ಒಬ್ಬನಿಗೆ ವಾಡೆ, ಒಬ್ಬನಿಗೆ ಬುವಾ, ಒಬ್ಬಳಿಗೆ ತಾಯಿ, ಒಬ್ಬನಿಗೆ ಮಠ: ಯಾರೋ ಒಬ್ಬರು ಕಲಿಕೆಯ ವರ್ಷಗಳ ವೆಚ್ಚವನ್ನು ತಮ್ಮ ತಲೆಯ ಮೇಲೆ ಹೊತ್ತರು. ಅಂಬಾಬಾಯಿ ಹೊತ್ತ ವೆಚ್ಚವಂತೂ ಅವರ ಕಂಠವೇ ಆಗಿದ್ದಿತು. ಇಂತಹವರು ದೊರೆತವರ ಹೆಸರುಗಳು ಇತಿಹಾಸದಲ್ಲಿವೆ. ದೊರೆಯದವರ ಹೆಸರುಗಳನ್ನು ಇತಿಹಾಸವು ಬರೆದಿಡಲಿಲ್ಲ. ಅಣಕಕ್ಕೆ ಅಂಜಿ ಹಾಡುವುದನ್ನು ಬಿಟ್ಟ ಬಾಲಕಿ, ಕಂಠ ಒಡೆದಾಗ ಮಂಡಳಿಯಿಂದ ಹೊರಬಿದ್ದು ಹೊಲಕ್ಕೆ ಮರಳಿದ ಬಾಲಕ, ಇವರನ್ನು ಯಾವ ಚರಿತ್ರಕಾರನೂ ಎಣಿಸಲಾರನು. ಆದುದರಿಂದ ಸೀಮೆಯ ಸಂಗೀತದ ಸಂಪತ್ತನ್ನು ಲೆಕ್ಕಹಾಕುವಾಗ ಬಂದುದನ್ನು ಮಾತ್ರವೇ ಲೆಕ್ಕಹಾಕಿದಂತಾಗುತ್ತದೆ. ಕಳೆದುಹೋದುದು ಲೆಕ್ಕಕ್ಕೆ ಸಿಗದು.

ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರವು ೧೯೫೦ರಲ್ಲಿ ಆರಂಭವಾಯಿತು. ಅಲ್ಲಿಂದೀಚೆಗೆ ಕೇಳುವುದು ವರ್ಷವರ್ಷಕ್ಕೂ ಸುಲಭವಾಗುತ್ತ ಬಂದಿದೆ. ಇಂದು ಯಾವ ಹಳ್ಳಿಯ ಹುಡುಗನೂ ಖಾನರ ಹಾಡನ್ನು ಅಂಗೈಯಲ್ಲಿಟ್ಟುಕೊಂಡು ಕೇಳಬಲ್ಲನು. ಐದನೆಯ ಇಯತ್ತೆಗೆ ಶಾಲೆಯನ್ನು ಬಿಟ್ಟ ಗಂಗೂಬಾಯಿಯವರ ಹೆಸರನ್ನು ಮೈಸೂರಿನ ಸಂಗೀತ ವಿಶ್ವವಿದ್ಯಾಲಯವೇ ಹೊತ್ತಿದೆ. ಇವು ಸಂತೋಷದ ಸಂಗತಿಗಳು. ಆದರೆ ಕೇಳುವುದು ಅಗ್ಗವಾದಂತೆ ಕಲಿಯುವುದು ಅಗ್ಗವಾಗಿಲ್ಲ. ಸ್ವರವು ಪಕ್ವವಾಗುವುದಕ್ಕೆ ಅಂದು ಬೇಕಾದಷ್ಟೇ ವರ್ಷಗಳು ಇಂದೂ ಬೇಕು. ಆ ವರ್ಷಗಳಲ್ಲಿ ಹೊಟ್ಟೆಗೆ ಅನ್ನವೂ ಬೇಕು. ಹಿರಿಯ ಗಾಯಕರ ಹೆಸರಿನಲ್ಲಿ ಉತ್ಸವ ನಡೆಸುವ ಊರುಗಳು, ಅವರು ಹುಡುಗರಾಗಿದ್ದಾಗ ಅವರಿಗೆ ಬಡಿಸಿದ ಕೈಗಳನ್ನೂ ನೆನೆದು, ತಮ್ಮ ಕೇರಿಯಲ್ಲಿ ಹಾಡಬಲ್ಲ ಒಂದು ಮಗುವಿಗೆ ಎಂಟು ವರ್ಷದ ಊಟವನ್ನು ನಿಶ್ಚಯಿಸಿದರೆ, ಆ ಹಿರಿಯರ ಋಣದಲ್ಲಿ ಸ್ವಲ್ಪವಾದರೂ ತೀರಿದಂತಾದೀತು.