ಆಧಾರರೇಖೆಯ ಲೆಕ್ಕ

ವ್ಯಾಪಾರಿಯ ಪ್ರಾಮಾಣಿಕತೆಯನ್ನು ಅರಿಯಬೇಕಾದರೆ ಅವನ ಮಾತನ್ನಲ್ಲ, ದಿನವಹಿಯನ್ನು ನೋಡಬೇಕು. ಅಂಗಡಿಯಲ್ಲಿ ಕುಳಿತು ಲೆಕ್ಕವಿಡುವುದು ಸುಲಭ. ಬಿಸಿಲು ಗಾಳಿಗಳ ನಡುವೆ, ಹಲವು ಕೈಗಳು ದುಡಿಯುವ ಬಯಲಿನಲ್ಲಿ ಲೆಕ್ಕವಿಡುವುದು ಕಠಿಣ. ಅಂತಹ ಲೆಕ್ಕದ ಒಂದು ಶ್ರೇಷ್ಠ ಮಾದರಿಯು ಬೆಂಗಳೂರಿನ ಪೂರ್ವಭಾಗದಲ್ಲಿಯೇ ಮೊದಲಾಯಿತೆಂಬುದು ಗಮನಾರ್ಹ.

ಶ್ರೀರಂಗಪಟ್ಟಣವು ಪತನಗೊಂಡ ಮರುವರ್ಷ, ಅಂದರೆ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಕೃಷ್ಣರಾಜಪುರ ಮತ್ತು ಅಗರಗಳ ನಡುವೆ ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯೊಂದನ್ನು ಅಳೆದನು. ಸಾಧನವು 40 ಕೊಂಡಿಗಳ, 100 ಅಡಿ ಉದ್ದದ ಉಕ್ಕಿನ ಸರಪಳಿ. ತ್ರಿಕೋನದ ಒಂದು ಭುಜವನ್ನು ನೆಲದ ಮೇಲೆ ಅಳೆದರೆ ಉಳಿದವುಗಳನ್ನು ಕೋನಗಳಿಂದ ಗಣಿಸಬಹುದು. ಆದುದರಿಂದ ಮೊದಲ ಭುಜದ ತಪ್ಪು, ಅಸಲಿನ ತಪ್ಪು ಬಡ್ಡಿಗೆ ಹಬ್ಬುವಂತೆ, ದೇಶದುದ್ದಕ್ಕೂ ಹಬ್ಬುತ್ತದೆ.

1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಮತ್ತೊಂದು ರೇಖೆಯನ್ನು ಅಳೆದಾಗ ಈ ಪದ್ಧತಿಯು ಇನ್ನಷ್ಟು ಸ್ಪಷ್ಟವಾಯಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕದ ಅಂಕಿಯನ್ನೂ ಬರೆದಿಡಲಾಯಿತು. ನೆಲದ ಏರಿಳಿತದ ಕೋನಕ್ಕೂ ಲೆಕ್ಕದಲ್ಲಿ ಸ್ಥಾನವಿತ್ತು. ಎರಡನೆಯ ಸರಪಳಿಯೊಂದನ್ನು ಕೆಲಸಕ್ಕೆ ಬಳಸದೆ ಕಾದಿರಿಸಿ, ಬಳಕೆಯ ಸರಪಳಿಯನ್ನು ಅದರೊಡನೆ ಹೋಲಿಸಿ ನೋಡಲಾಯಿತು. ಮುದ್ರೆಯೊತ್ತಿದ ತೂಕದ ಬಟ್ಟಿನೊಡನೆ ಅಂಗಡಿಯ ಬಟ್ಟನ್ನು ಹೋಲಿಸುವಂತೆಯೇ ಇದು.

1804ರಲ್ಲಿ ಜಾನ್ ವಾರನ್ ಬೆಂಗಳೂರಿನ ಬಳಿ ಪರಿಶೀಲನೆಗಾಗಿ ಮತ್ತೊಂದು ರೇಖೆಯನ್ನು ಅಳೆದನು. ಮದರಾಸಿನಿಂದ ಗಣಿಸಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ಅಂತರವು ನಾಲ್ಕು ಅಂಗುಲಕ್ಕಿಂತ ಕಡಿಮೆ. ಆ ಅಂತರವನ್ನು ಅಳಿಸಿಹಾಕದೆ ದಾಖಲೆಯಲ್ಲಿ ಉಳಿಸಿದುದರಿಂದಲೇ ಇಂದು ನಾವು ಅದನ್ನು ಅರಿಯಬಲ್ಲೆವು.

ಈ ಮಾಪನವು ಕಂಪನಿಯ ಆಳ್ವಿಕೆಗೂ ಸೇನೆಗೂ ನೆರವಾಯಿತೆಂಬುದನ್ನು ಮರೆಯಲಾಗದು. ಲೆಕ್ಕದ ಶುದ್ಧಿಯು ಉದ್ದೇಶವನ್ನು ಶುದ್ಧಗೊಳಿಸದು. ಆದರೂ ಕ್ರಮವು ಅನುಕರಣೀಯ: ಕಂಡದ್ದನ್ನು ಕಂಡಲ್ಲಿಯೇ ಬರೆಯುವುದು, ತಿದ್ದುಪಡಿಯನ್ನು ಮೂಲ ಅಂಕಿಯ ಮೇಲೆ ಬರೆಯದೆ ಬೇರೆ ಅಂಕಣದಲ್ಲಿ ತೋರಿಸುವುದು, ಸಾಧನವನ್ನೂ ಪರೀಕ್ಷೆಗೆ ಒಳಪಡಿಸುವುದು, ಮತ್ತೊಬ್ಬರು ಅಳೆದು ನೋಡಲು ಅವಕಾಶವೀಯುವುದು.

ಇಂದು ಜನಗಣತಿಗೆ ಹೋಗುವವರಿಗೂ ಗೋದಾಮಿನ ದಾಸ್ತಾನು ಎಣಿಸುವವರಿಗೂ ಎದುರಾಗುವ ಪ್ರಲೋಭನೆ ಒಂದೇ: ಸಂಜೆ ಮನೆಯಲ್ಲಿ ಕುಳಿತು ಖಾಲಿ ಅಂಕಣವನ್ನು ನೆನಪಿನಿಂದ ತುಂಬುವುದು. ಅಂತಹ ಪುಟವು ನೋಡಲು ಅಂದವಾಗಿರುತ್ತದೆ. ಆದರೆ ಅದರ ಮೇಲೆ ರೇಷನ್ನಿನ ಅಕ್ಕಿಯೋ ಶಾಲೆಯ ಕೊಠಡಿಯೋ ನಿರ್ಧಾರವಾದಾಗ, ಬರೆಯದೆ ಬಿಟ್ಟ ಮನೆಯವನು ತನ್ನ ಪಾಲನ್ನು ಕಳೆದುಕೊಳ್ಳುತ್ತಾನೆ. ಖಾಲಿ ಬಿಟ್ಟ ಅಂಕಣವು ಮರುದಿನ ಯಾರನ್ನಾದರೂ ಆ ಮನೆಗೆ ಕಳುಹಿಸೀತು. ಸುಳ್ಳು ಅಂಕಿಯು ಯಾರನ್ನೂ ಕಳುಹಿಸದು.