ಎಲ್ಲ ಆನೆ ಕಾಸೂ ಒಂದೇ ಅಲ್ಲ

ಭಾಗ 1
ಫ್ರೆಂಡ್ಸ್, ಮೊದಲ ಫೋಟೋ ನೋಡಿ. ಮೈಸೂರಿನ ಒಂದು ಸಣ್ಣ ಹಳೇ ನಾಣ್ಯದ ಅಂಗಡಿಯಲ್ಲಿ ತೆಗೆದದ್ದು. ಸ್ಟೀಲ್ ತಟ್ಟೆಯಲ್ಲಿ 40 ತಾಮ್ರದ ಕಾಸು, ಎಲ್ಲದರ ಮೇಲೂ ಆನೆ. ಪಕ್ಕದಲ್ಲಿ ಒಂದು ಚೀಟಿ: "ಟಿಪ್ಪು ಆನೆ ಕಾಸು, ಯಾವುದಾದರೂ 300 ರೂ." ನೀವಾಗಿದ್ರೆ ಯಾವುದನ್ನ ಎತ್ಕೊಳ್ತಿದ್ರಿ? ಆನೆ ಚೆನ್ನಾಗಿ ಕಾಣೋದನ್ನ ತಾನೇ? ನಾನೂ ಎರಡು ವರ್ಷ ಹಾಗೇ ಮಾಡಿದೆ.

ಅಲ್ಲೇ ಎಡವಿದ್ದು. ಅಂಗಡಿಯವರು ಬೆಲೆ ಹಾಕಿರೋದು ಆನೆಗೆ. ಅಪರೂಪ ಯಾವುದು ಅಂತ ಹೇಳೋದು ಕಾಸಿನ ಬೆನ್ನು. ಅದನ್ನ ಓದೋಕೆ ಭಾಷೆಯೇ ಕಲೀಬೇಕಾಗಿಲ್ಲ, ನಾಲ್ಕೈದು ಅಕ್ಷರದ ಗುರುತು ಸಾಕು. ಇವತ್ತಿನ ಸರಣಿ ಅದರ ಬಗ್ಗೆ. ಸೇವ್ ಮಾಡ್ಕೊಳ್ಳಿ.

ಭಾಗ 2
ಮೊದಲು ಆನೆಯ ಕಥೆ. ಈ ಕಾಸನ್ನ ಶುರು ಮಾಡಿದ್ದು ಟಿಪ್ಪು ಅಲ್ಲ, ಅವನ ತಂದೆ ಹೈದರ್ ಅಲಿ. ಹಿಜರಿ 1195 ಮತ್ತು 1196ರಲ್ಲಿ, ಅಂದ್ರೆ ಕ್ರಿ.ಶ. 1781-82ರ ಸುಮಾರಿಗೆ, ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಆನೆ ಪೈಸೆ ಬಂತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಆನೆ ಮಾತ್ರ ಮಗನ ಕಾಲದಲ್ಲೂ ಮುಂದುವರೀತು.

ಹೈದರನ ಆನೆಗೆ ಸಿಕ್ಕಿದ್ದು ಎರಡೇ ವರ್ಷ, ಟಿಪ್ಪುವಿನದಕ್ಕೆ ಹದಿನಾರು ವರ್ಷಕ್ಕೂ ಹೆಚ್ಚು. ಆದರೆ ತಟ್ಟೆಯಲ್ಲಿ ಎರಡೂ "ಟಿಪ್ಪು" ಅನ್ನೋ ಒಂದೇ ಚೀಟಿಯಡಿ ಮಲಗಿರುತ್ತೆ. ಇಸವಿ ಓದೋಕೆ ಬಂದ್ರೆ ತಂದೆಯದನ್ನ ಮಗನದರಿಂದ ಬೇರೆ ಮಾಡಬಹುದು.

ಭಾಗ 3
ಈಗ ಬೆನ್ನು ತಿರುಗಿಸಿ. ಅಲ್ಲಿ ಪರ್ಷಿಯನ್ ಲಿಪಿಯಲ್ಲಿ "ಜರ್ಬ್" ಅಂತ ಇರುತ್ತೆ. ಜರ್ಬ್ ಅಂದ್ರೆ ಅಚ್ಚು ಹೊಡೆದದ್ದು. ಅದರ ಜೊತೆಗೆ ಊರಿನ ಹೆಸರು. ಟಿಪ್ಪು ಹಲವು ಊರುಗಳಲ್ಲಿ ಟಂಕಸಾಲೆ ಇಟ್ಟಿದ್ದ, ಊರುಗಳಿಗೆ ಹೊಸ ಹೆಸರನ್ನೂ ಕೊಟ್ಟಿದ್ದ. ಹೀಗೆ:

ಪಟನ್: ಶ್ರೀರಂಗಪಟ್ಟಣ
ನಗರ್: ಹಳೇ ಬಿದನೂರು, ಇವತ್ತಿನ ಹೊಸನಗರ ತಾಲೂಕಿನ ನಗರ
ಫರ್ರುಖ್‌ಯಾಬ್ ಹಿಸಾರ್: ಚಿತ್ರದುರ್ಗ
ನಜರ್‌ಬಾರ್: ಮೈಸೂರು (ನಮ್ಮ ನಜರ್‌ಬಾದ್ ಬಡಾವಣೆ ನೆನಪಾಯ್ತಾ?)
ಖುರ್ಷಿದ್ ಸವಾದ್: ಧಾರವಾಡ
ಬೆಂಗಳೂರು, ಕಲ್ಲಿಕೋಟೆ: ಅದೇ ಹೆಸರು

ಪಟನ್, ನಗರ್ ಎರಡೂ ಧಾರಾಳವಾಗಿ ಸಿಗುತ್ತೆ. ಎರಡೂ ಮೂರೇ ಅಕ್ಷರದ ಪುಟ್ಟ ಪದಗಳು. ಹಾಗಾಗಿ ನನ್ನ ಮೊದಲ ನಿಯಮ ತುಂಬಾ ಸಿಂಪಲ್: ಬೆನ್ನಿನಲ್ಲಿ ಉದ್ದನೆಯ ಹೆಸರು ಕಂಡ್ರೆ ಅಲ್ಲೇ ನಿಲ್ಲಿ. ಆ ಕಾಸನ್ನ ಕೈಗೆ ತಗೊಳ್ಳಿ.

ಭಾಗ 4
ಇನ್ನು ಇಸವಿ. ಇಲ್ಲಿ ಟಿಪ್ಪು ಎಲ್ಲರ ತಲೆ ಕೆಡಿಸಿದ್ದಾನೆ! ಮೊದಲು ಮಾಮೂಲಿ ಹಿಜರಿ ಇಸವಿ, ಎಡದಿಂದ ಬಲಕ್ಕೆ. ಆಮೇಲೆ ಮೌಲೂದಿ ಅನ್ನೋ ಹೊಸ ಶಕೆ, ಅದರ 1215ರಿಂದ ಅಂಕಿಗಳು ಬಲದಿಂದ ಎಡಕ್ಕೆ. ಹಾಗಾಗಿ 1218 ಅನ್ನೋದು ಕಣ್ಣಿಗೆ 8121 ಅಂತ ಕಾಣುತ್ತೆ. ಕ್ರಿ.ಶ. ಬೇಕು ಅಂದ್ರೆ ಮೌಲೂದಿ ಇಸವಿಗೆ ಅಂದಾಜು 572 ಸೇರಿಸಿ. 1218 ಅಂದ್ರೆ 1790ರ ಆಸುಪಾಸು.

ಅಂಕಿಗಳ ಗುರುತು: ನೆಟ್ಟಗಿನ ಕಡ್ಡಿ 1. ಇಂಗ್ಲಿಷಿನ "ವಿ" ಅಕ್ಷರದ ಹಾಗಿದ್ರೆ 7, ಅದೇ ತಲೆಕೆಳಗಾಗಿದ್ರೆ 8. ತಲೆಕೆಳಗಾದ ಹಾರ್ಟ್ ಥರ ಇದ್ರೆ 5. ಬರೀ ಚುಕ್ಕೆ ಅಂದ್ರೆ ಸೊನ್ನೆ. ಎಡಗಡೆ ಎರಡು ಕಡ್ಡಿ, ಆಮೇಲೆ 9, ಕೊನೆಗೆ ತಲೆಕೆಳಗಾದ ಹಾರ್ಟ್ ಕಂಡ್ರೆ? 1195. ಹೈದರನ ಕಾಸು ನಿಮ್ಮ ಕೈಲಿದೆ.

ಭಾಗ 5
ಅಳತೆಯನ್ನೂ ಬಿಡಬೇಡಿ. ಒಂದು ಪೈಸೆ ಸುಮಾರು 11 ಗ್ರಾಂ ತೂಗುತ್ತೆ. ಟಿಪ್ಪು ಆಮೇಲಾಮೇಲೆ ತಾಮ್ರದ ಕಾಸುಗಳಿಗೆ ಆಕಾಶದ ಹೆಸರಿಟ್ಟ. ಎರಡು ಪೈಸೆಗೆ ಮುಷ್ತರಿ (ಗುರು), ಒಂದು ಪೈಸೆಗೆ ಝೊಹ್ರಾ (ಶುಕ್ರ), ಅರ್ಧಕ್ಕೆ ಬಹ್ರಾಮ್ (ಮಂಗಳ), ಕಾಲಿಗೆ ಅಖ್ತರ್ (ನಕ್ಷತ್ರ), ಅರೆಕಾಲಿಗೆ ಕುತುಬ್ (ಧ್ರುವ). ಕುತುಬ್ ಒಂದೂವರೆ ಗ್ರಾಮೂ ಇರಲ್ಲ, ಉಗುರಿನಷ್ಟು. "ಚಿಲ್ಲರೆ" ಡಬ್ಬಿಯ ತಳದಲ್ಲಿ ಬಿದ್ದಿರುತ್ತೆ. ಅಲ್ಲೂ ಕೈ ಹಾಕಿ ನೋಡಿ.

ಇನ್ನೊಂದು ವಿಷಯ. ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರೂ ಆನೆ ಕಾಸು ಹೊಡೆಸಿದ್ರು. ಬೆನ್ನಲ್ಲಿ ಕನ್ನಡದ "ಮಯಿಲಿ ಕಾಸು" ಅಥವಾ ಆನೆಯ ಮೇಲೆ "ಶ್ರೀ" ಕಂಡ್ರೆ ಅದು ಒಡೆಯರದ್ದು. ಅದೂ ಟಿಪ್ಪು ಚೀಟಿಯಡಿ ಸೇರಿಕೊಂಡಿರುತ್ತೆ, ನಮ್ಮದೇ ಲಿಪಿ ಇದ್ರೂ ಯಾರೂ ಓದಿರಲ್ಲ!

ಭಾಗ 6
ಕೆಲವು ಊರಿನ ಕಾಸು ಯಾಕೆ ಅಪರೂಪ? ಉತ್ತರ ಯುದ್ಧದಲ್ಲಿದೆ. ಧಾರವಾಡವನ್ನೇ ತಗೊಳ್ಳಿ. ಮೂರನೇ ಮೈಸೂರು ಯುದ್ಧದಲ್ಲಿ ಮರಾಠರ ಪರಶುರಾಮ ಭಾವು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ತಡೆದು 1791ರ ಏಪ್ರಿಲ್‌ನಲ್ಲಿ ಕೋಟೆ ಬಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೇ ಬಿಟ್ಟುಕೊಟ್ಟ, ಧಾರವಾಡವೂ ಹೋಯ್ತು. "ಖುರ್ಷಿದ್ ಸವಾದ್" ಅನ್ನೋ ಹೆಸರೂ ಅದರ ಜೊತೆಗೇ ಹೋಯ್ತು. ಇವತ್ತು ಧಾರವಾಡದಲ್ಲಿ ಆ ಹೆಸರು ಹೇಳಿ ನೋಡಿ, ಯಾರಿಗೂ ಗೊತ್ತಿರಲ್ಲ. ಅದು ಉಳಿದಿರೋದು ಹೆಚ್ಚಾಗಿ ಈ ತಾಮ್ರದ ಬಿಲ್ಲೆಗಳ ಬೆನ್ನಲ್ಲಿ.

ಇದೇನು ಗುಟ್ಟಲ್ಲ. ಹೆಂಡರ್ಸನ್ ಅನ್ನೋ ವಿದ್ವಾಂಸ 1921ರಲ್ಲೇ ಹೈದರ್-ಟಿಪ್ಪು ನಾಣ್ಯಗಳ ಬಗ್ಗೆ ಪುಸ್ತಕ ಬರೆದು, ಊರು, ಇಸವಿ ಎಲ್ಲಾ ವಿಂಗಡಿಸಿಟ್ಟಿದ್ದಾರೆ. ಓದೋರು ಕಮ್ಮಿ, ಅಷ್ಟೇ.

ಭಾಗ 7
ಈಗ ನನ್ನ ತಪ್ಪು. ನನ್ನ ಮೊದಲ ಆನೆ ಕಾಸು ಹಸಿರು ಕಿಲುಬು ಹಿಡಿದಿತ್ತು. ಅಜ್ಜಿ ತಾಮ್ರದ ಚೆಂಬು ತೊಳೆಯೋ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ, ಸ್ಟೀಲ್ ಸ್ಕ್ರಬ್ಬರ್ ತಗೊಂಡು ತಿಕ್ಕಿದೆ. ಫಳಫಳ ಹೊಳೀತು. ಸ್ಟೋರಿ ಕೂಡ ಹಾಕಿದ್ದೆ! ಒಂದು ವರ್ಷ ಆದ್ಮೇಲೆ ಬೆನ್ನು ಓದೋಕೆ ಕಲ್ತು ತಿರುಗಿಸಿ ನೋಡಿದ್ರೆ, ಕೊನೆಯ "ರ" ಒಂದೇ ಉಳಿದಿದೆ. ನಗರ್ ಕೂಡ "ರ"ನಿಂದ ಮುಗಿಯುತ್ತೆ. ನಜರ್‌ಬಾರ್ ಕೂಡ. ಬೆಂಗಳೂರು, ಚಿತ್ರದುರ್ಗದ ಹಿಸಾರ್ ಕೂಡ. ನನ್ನ ಕಾಸು ಯಾವ ಊರಿನದು ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ. ಇನ್ನೂರು ವರ್ಷ ಉಳಿದಿದ್ದ ಹೆಸರನ್ನ ಹತ್ತು ನಿಮಿಷದಲ್ಲಿ ನಾನೇ ಅಳಿಸಿದೆ.

ದಯವಿಟ್ಟು ತಿಕ್ಕಬೇಡಿ. ಅಕ್ಷರ ಕಾಣ್ತಿಲ್ಲ ಅಂದ್ರೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತೆ.

ಭಾಗ 8
ಮೊದಲ ಫೋಟೋದ ತಟ್ಟೆಗೆ ಬರೋಣ. ಟಾರ್ಚ್ ಹಿಡಿದು ಒಂದೊಂದೇ ತಿರುಗಿಸ್ತಾ ಹೋದೆ. ಹದಿನೇಳನೆಯದರ ಬೆನ್ನಲ್ಲಿ ಉದ್ದ ಹೆಸರು, ಮೂರು ಚುಕ್ಕೆಯ "ಶ" ಅಕ್ಷರ. ಖುರ್ಷಿದ್! ಆನೆ ಸವೆದು ಹಂದಿಯ ಥರ ಆಗಿತ್ತು. ಅದಕ್ಕೇ ಯಾರೂ ಮುಟ್ಟಿರಲಿಲ್ಲ. 300 ಕೊಟ್ಟು, ಏನೂ ಹೇಳದೆ ಹೊರಟುಬಂದೆ.

ನಿಯಮದ ಪ್ರಕಾರ ತಪ್ಪೇನಿಲ್ಲ. ಅವರು ಹೇಳಿದ ಬೆಲೆ ನಾನು ಕೊಟ್ಟೆ. ಆದರೂ ವಾರವಿಡೀ ಮನಸ್ಸು ಚುಚ್ತಾ ಇತ್ತು. ಎರಡು ವರ್ಷದಿಂದ ನನಗೆ ಸ್ಟೂಲ್ ಹಾಕಿ, ಕಾಸು ಕೈಗೆ ಕೊಟ್ಟು ನೋಡೋಕೆ ಬಿಟ್ಟೋರು ಅವರು. ಮುಂದಿನ ಭಾನುವಾರ ಹೋಗಿ ಹೇಳಿಬಿಟ್ಟೆ: "ಅಂಕಲ್, ಅವತ್ತು ತಗೊಂಡಿದ್ದು ಧಾರವಾಡದ್ದು. ನಿಮಗೆ ಹೇಳಲಿಲ್ಲ."

ಒಂದು ಕ್ಷಣ ಸುಮ್ಮನಿದ್ದು ಅವರು ತಟ್ಟೆ ನನ್ನ ಮುಂದೆ ತಳ್ಳಿದ್ರು. "ಕೊಟ್ಟಿದ್ದು ಕೊಟ್ಟಾಯ್ತಮ್ಮ. ಉಳಿದಿದ್ದನ್ನ ಓದಿ ಹೇಳು."

ಭಾಗ 9
ಎರಡು ಗಂಟೆ ಕೂತೆ. ಉಳಿದ 39ರಲ್ಲಿ ಪಟನ್ 22, ನಗರ್ 8, ಒಡೆಯರದ್ದು 4, ಓದೋಕಾಗದ್ದು 4. ಇನ್ನೊಂದು ನಜರ್‌ಬಾರ್! ಹಳೇ ಮೈಸೂರು ಕೋಟೆಯನ್ನ ಕೆಡವಿಸಿ ಟಿಪ್ಪು ಕಟ್ಟಿಸೋಕೆ ಹೊರಟ ಹೊಸ ಕೋಟೆಯ ಹೆಸರು. ನನ್ನ ಸ್ವಂತ ಊರಿನ ಕಾಸು. ನಾನು ಬಾಯಿ ಬಿಡೋ ಮೊದಲೇ ಅಂಕಲ್ ಅದನ್ನ ಬೇರೆ ಕವರಿಗೆ ಹಾಕಿ ನಕ್ಕರು. "ಇದು 3000 ಕಣಮ್ಮ. ಈಗ ನಂಗೂ ಗೊತ್ತಾಯ್ತಲ್ಲ."

ನನ್ನ ಹತ್ರ ಅಷ್ಟು ದುಡ್ಡು ಇರಲಿಲ್ಲ. ಈಗಲೂ ಇಲ್ಲ. ಕೊನೆಯ ಫೋಟೋದಲ್ಲಿ ಇರೋದು ಅದೇ ಕಾಸು, ಅವರ ಅಂಗಡಿಯ ಗಾಜಿನ ಕೆಳಗೆ. ಪಕ್ಕದಲ್ಲಿ ಹೊಸ ಚೀಟಿ, ನನ್ನ ಕೈಬರಹ: "ನಜರ್‌ಬಾರ್, ಮೈಸೂರು."

ಹೊರಡೋ ಮುಂಚೆ ಮೂರು ಮಾತು. ಅಂಚಿನಲ್ಲಿ ಸುತ್ತಲೂ ಗೆರೆ ಇದ್ರೆ, ಮೈಮೇಲೆ ಸಣ್ಣ ಗುಳ್ಳೆಗಳಿದ್ರೆ ಅದು ಎರಕ ಹೊಯ್ದ ನಕಲಿ ಇರಬಹುದು, ಬಿಡಿ. ನೆಲದಲ್ಲಿ ನಿಧಿ ಸಿಕ್ಕಿದ್ರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮಾರೋ ಹಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾತನ ವಸ್ತು, ವಿದೇಶದ ಕಸಿನ್‌ಗೆ ಗಿಫ್ಟ್ ಅಂತ ಕಳಿಸೋ ಹಾಗೂ ಇಲ್ಲ.

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಆನೆ ಕಾಸು ಇದ್ಯಾ? ಇವತ್ತೇ ತಿರುಗಿಸಿ ನೋಡಿ. ತೊಳೀಬೇಡಿ. ಬೆನ್ನಿನ ಫೋಟೋ ತೆಗೆದು ಟ್ಯಾಗ್ ಮಾಡಿ, ಒಟ್ಟಿಗೆ ಓದೋಣ.

#ಆನೆಕಾಸು #ನಾಣ್ಯಚರಿತ್ರೆ #ಬೆನ್ನುನೋಡಿ #ಮೈಸೂರು #ಧಾರವಾಡ