ಸುತ್ತ ಮೂರು ಫೂಟು ಯಾರಿಗೆ ಬಿಡೂದು?

ಮೊನ್ನೆ ಬೀಳಗಿಗೆ ಹೋದಾಗ ನಮ್ಮ ಕಾಕಾ ಹೊಸ ಮನೆಯ ನಕ್ಷೆ ಹಿಡಕೊಂಡು ಕೂತಿದ್ರು. ಪ್ಲಾಟು 30x40. "ತಮ್ಮಾ, ಜಾಗಾ ನಂದು, ರೊಕ್ಕಾ ನಂದು. ಸುತ್ತ ಮೂರು ಫೂಟು ಯಾರಿಗೆ ಬಿಡೂದು?" ಅಂತ ಕೇಳಿದ್ರು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನು ಇಲ್ಲಿ ಬರೀತಿದ್ದೀನಿ.

ಕಾಕಾ ಹುಟ್ಟಿದ್ದು ಓಣಿಯೊಳಗಿನ ಮಾಳಿಗೆ ಮನೆಯಲ್ಲಿ. ಅದರ ಅಳತೆ ಚದರಡಿಯಲ್ಲ, ಅಂಕಣ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ, ಗೇಣು ಜಾಗವೂ ಇಲ್ಲ. ನಮ್ಮ ಕಡೆಯ ಬಿಸಿಲಿಗೆ ಅದೇ ಸರಿ, ಕಾಯುವ ಗೋಡೆ ಕಡಿಮೆಯಾದಷ್ಟೂ ಒಳಗೆ ತಂಪು. ಬೆಳಕು ಮೇಲಿನ ಬೆಳಕಿಂಡಿಯಿಂದ. ಹಾಗಂತ ಖಾಲಿ ಜಾಗ ಇರಲಿಲ್ಲ ಅಂತಲ್ಲ, ಮುಂದೆ ಕಟ್ಟೆ, ಹಿಂದೆ ಹಿತ್ತಲ ಇತ್ತು.

ಹಾಗಾದರೆ ಸುತ್ತಲೂ ಬಿಡಬೇಕೆಂಬ ನಿಯಮ ಎಲ್ಲಿಂದ ಬಂತು? ಬಹುಮಟ್ಟಿಗೆ ಪ್ಲೇಗಿನಿಂದ! 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಬೀಳಗಿ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಒತ್ತೊತ್ತು ಮನೆಗಳ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ ಅಂತ ಆಗ ಬಹಳ ಜನರ ನಂಬಿಕೆ. ಇಲಿಯ ಚಿಗಟ ಕಾರಣ ಅಂತ ಪಾಲ್ ಲೂಯಿ ಸಿಮಂಡ್ 1898ರಲ್ಲೇ ಹೇಳಿದರೂ ಜಗತ್ತು ಒಪ್ಪಲು ವರ್ಷಗಳೇ ಹಿಡಿದವು. ಅದೇ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ 63.5 ಡಿಗ್ರಿ ಬೆಳಕಿನ ಕೋನದ ನಿಯಮ ತಂದಿತು. ಸರಳವಾಗಿ ಹೇಳಬೇಕೆಂದರೆ, ಎದುರಿನ ಕಟ್ಟಡ 20 ಅಡಿ ಎತ್ತರವಿದ್ದರೆ ನಡುವೆ ಸುಮಾರು 10 ಅಡಿ ಬಿಡಬೇಕು. ಬೆಂಗಳೂರಿನಲ್ಲೂ 1898ರ ಪ್ಲೇಗಿನ ನಂತರವೇ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಡನೆ ಬೆಳೆದವು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ಆದರೆ ನಮ್ಮ ಭಾಗದ ಜನಕ್ಕೆ 'ಪ್ಲಾಟು' ಅನ್ನುವುದು ನಿಜವಾಗಿ ಗೊತ್ತಾದದ್ದು ಆಲಮಟ್ಟಿ ಹಿನ್ನೀರಿನಿಂದ. ಬಾಗಲಕೋಟೆಗಾಗಿ 1983ರಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಾಯಿತು. ನವನಗರದ ಯೋಜನೆಗೆ ಚಾರ್ಲ್ಸ್ ಕೊರಿಯಾರಂಥ ದೊಡ್ಡ ವಾಸ್ತುಶಿಲ್ಪಿ ಕೆಲಸ ಮಾಡಿದರು. ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಗೋಡೆ ಹಂಚಿಕೊಂಡು ಬಾಳಿದವರ ಕೈಗೆ ಬಿಡಿ ಬಿಡಿ ಪ್ಲಾಟುಗಳು ಬಂದವು.

ಇತ್ತ ಬೆಂಗಳೂರಿನಲ್ಲಿ 2007ರಲ್ಲಿ ಒಪ್ಪಿಗೆಯಾದ ಮಾಸ್ಟರ್ ಪ್ಲ್ಯಾನ್ 360 ಚದರ ಮೀಟರಿನವರೆಗಿನ ಪ್ಲಾಟಿನಲ್ಲಿ ಶೇ. 75ರಷ್ಟು ನೆಲ ಮುಚ್ಚಲು ಬಿಟ್ಟಿತು. ಮೀರಿದವರಿಗಾಗಿ ಅಕ್ರಮ-ಸಕ್ರಮ ಬಂತು. ಮನೆಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿದರೆ ಸಾಕು! 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅರ್ಧದಷ್ಟು ಮುರಿದರೂ ನಡೆಯುತ್ತೆ ಅಂದರೆ ತಪ್ಪು ಜನರದ್ದು ಮಾತ್ರವೇ, ನಿಯಮದ್ದೂ ಇದೆಯೇ?

ಕಾಕಾನ ಪ್ಲಾಟಿನ ಲೆಕ್ಕ ನೋಡಿ. ಸುತ್ತ ಮೂರು ಅಡಿ ಬಿಟ್ಟರೆ ಕಟ್ಟಲು ಸಿಗುವುದು 24x34, ಅಂದರೆ 816 ಚದರಡಿ. ಉಳಿಯುವುದು 384. ಆ ಸಂದಿಯಲ್ಲಿ ಕಸಬರಿಗೆ ಇಡಬಹುದು ಅಷ್ಟೇ. ಅದೇ 384 ಚದರಡಿ ಒಂದು ಕಡೆ ಕೂಡಿಸಿದರೆ 30 ಅಡಿ ಅಗಲ, ಹೆಚ್ಚುಕಡಿಮೆ 13 ಅಡಿ ಉದ್ದದ ಹಿತ್ತಲವಾಗುತ್ತದೆ. ಒಂದು ಬೇವಿನ ಗಿಡ, ಮಳೆನೀರು ಇಂಗಿಸಲು ಒಂದು ಗುಂಡಿ, ರಾತ್ರಿ ಹೊರಸು ಹಾಕಲು ಜಾಗ! ಪಕ್ಕದವರೂ ಒಪ್ಪಿ ಗೋಡೆಗೆ ಗೋಡೆ ಕೂಡಿಸಬೇಕು, ಬೆಳಕು ಎರಡೇ ಕಡೆಯಿಂದ, ಅದು ನಿಜ. ನಮ್ಮ ಹಿರಿಯರು ಹಾಗೇ ಬಾಳಲಿಲ್ಲವೇ?

ಇದು ಬರೀ ಕಾಕಾನ ಪ್ರಶ್ನೆಯಲ್ಲ. ಆಲಮಟ್ಟಿಯಲ್ಲಿ ನೀರಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಏರಿದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕು, ಹೊಸ ಪ್ಲಾಟು ಹಾಕಬೇಕು. ಆಗಲಾದರೂ ಎಷ್ಟು ಖಾಲಿ ಬಿಡಬೇಕು ಅಂತ ಸರಕಾರ ಹೇಳಲಿ. ಎಲ್ಲಿ ಬಿಡಬೇಕು ಅಂತ ಬಾಳುವವರನ್ನು ಕೇಳಲಿ.

ಕಾಕಾಗೆ ಇದನ್ನೇ ಹೇಳಿದೆ. "ಬಿಡಾಕ ನಾ ಒಲ್ಲೆ ಅನ್ನಲಿಲ್ಲೋ, ಸಂದ್ಯಾಗ ಬಿಡಾಕ ಒಲ್ಲೆ" ಅಂದ್ರು. ನಿಮ್ಮ ಮನೆ ಸುತ್ತ ಎಷ್ಟು ಜಾಗ ಉಳಿದಿದೆ?